ಡ್ರಮ್ಮಿನಲ್ಲಿ ಮಡಕೆ ಸುಡುವ ಬಗೆ: ಬರೀ ಕಪ್ಪಲ್ಲ, ಬಣ್ಣವೂ ಬರಬೇಕಾದರೆ

“ಡ್ರಮ್ಮಿನಲ್ಲಿಟ್ಟು ಸುಟ್ಟೆ, ಎಲ್ಲವೂ ಇದ್ದಿಲಿನ ಹಾಗೆ ಕಪ್ಪಾಗಿ ಬಂದವು. ಆ ಕೆಂಪು, ಗುಲಾಬಿ, ಕಿತ್ತಳೆ ಬಣ್ಣ ಬರೋದು ಹೇಗೆ?” ಮಣ್ಣಿನ ಕೆಲಸ ಕಲಿಯುತ್ತಿರುವವರು ನನ್ನನ್ನು ಕೇಳುವುದರಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋಗುವುದು ಹೆಚ್ಚಾಗಿ ಎಚ್ಚರಿಕೆಯ ಮಾತೇ ಆಗಿರುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲು ತಿಳಿಯಬೇಕಾದ್ದು ಇಷ್ಟು: ಬಣ್ಣ ತೀರ್ಮಾನವಾಗುವುದು ಬೆಂಕಿ ಹಚ್ಚಿದ ಮೇಲಲ್ಲ, ಡ್ರಮ್ಮು ತುಂಬುವಾಗಲೇ. ಮಡಕೆಯ ಮೈಗೆ ಏನು ತಾಗಿಕೊಂಡಿದೆ, ಅಲ್ಲಿಗೆ ಗಾಳಿ ಎಷ್ಟು ಹೋಗುತ್ತದೆ ಎಂಬ ಎರಡರ ಮೇಲೆಯೇ ಎಲ್ಲವೂ ನಿಂತಿದೆ. ಬೆಂಕಿಗೆ ಕೊಡುವ ಗಮನದ ಎರಡರಷ್ಟನ್ನು ತುಂಬುವುದಕ್ಕೆ ಕೊಡಿ.

ಒಳಗೆ ನಡೆಯುವುದೇನು?

ಮಡಕೆಯ ಸುತ್ತ ತುಂಬಿದ ಮರದ ಹೊಟ್ಟು ಗಾಳಿ ಸಾಲದೆ ಹೊಗೆಯಾಡುತ್ತಾ ಉರಿದರೆ ಇಂಗಾಲ ಮಡಕೆಯ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಅದೇ ಕಪ್ಪು. ಬಿಸಿಯಾದ ಮಡಕೆಗೆ ಎಲ್ಲಿ ಗಾಳಿ ಸಿಗುತ್ತದೋ ಅಲ್ಲಿ ಆ ಇಂಗಾಲ ಸುಟ್ಟುಹೋಗಿ ಮಣ್ಣಿನ ಸ್ವಂತ ಬಣ್ಣ ಮರಳಿ ಕಾಣುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಸಿಕ್ಕ ಬೃಹತ್ ಶಿಲಾಯುಗದ ಹಲವು ಮಡಕೆಗಳು ಒಳಗೆ ಮತ್ತು ಕಂಠದಲ್ಲಿ ಕಪ್ಪು, ಹೊರಗೆ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಿದ್ದರಿಂದ ಬಾಯಿಯ ಕಡೆ ಗಾಳಿ ಸಿಗದೆ ಕಪ್ಪಾಯಿತು, ಹೊರಮೈ ಗಾಳಿಗೆ ಸಿಕ್ಕಿ ಕೆಂಪಾಯಿತು ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ನಿಮ್ಮ ಡ್ರಮ್ಮಿನಲ್ಲಿ ನಡೆಯುವುದೂ ಅದೇ.

ಉಳಿದ ಬಣ್ಣಗಳು ಲೋಹ ಮತ್ತು ಉಪ್ಪಿನಿಂದ ಬರುತ್ತವೆ. ತಾಮ್ರ ಬಿಸಿಯಲ್ಲಿ ಉಪ್ಪಿನ ಜೊತೆ ಸೇರಿ ಆವಿಯಾಗಿ ಮಡಕೆಯ ಮೇಲೆ ಕೂರುತ್ತದೆ. ಗಾಳಿ ಕಡಿಮೆ ಇದ್ದರೆ ಕೆಂಪು, ಗುಲಾಬಿ, ದ್ರಾಕ್ಷಿ ಬಣ್ಣ. ಗಾಳಿ ಹೆಚ್ಚಿದ್ದರೆ ಹಸಿರು ಅಥವಾ ಬೂದುಗಪ್ಪು. ಕಬ್ಬಿಣದಿಂದ ಹಳದಿ, ಕಂದು, ಇಟ್ಟಿಗೆ ಬಣ್ಣ. ಉಪ್ಪಿನಿಂದ ಕಿತ್ತಳೆ ಛಾಯೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಹೀಗೆ ಸುಟ್ಟ ಮಡಕೆ ಅಡುಗೆಗಲ್ಲ, ನೀರಿಗಲ್ಲ, ಉಪ್ಪಿನಕಾಯಿಗೂ ಅಲ್ಲ. ಮೈ ತುಂಬಾ ರಂಧ್ರ, ಮೇಲೆ ತಾಮ್ರದ ಲವಣ. ನೋಡಲು ಇಡುವ ವಸ್ತು ಎಂದೇ ಮಾಡಿ, ಹಾಗೆಂದು ಹೇಳಿಯೇ ಕೊಡಿ ಅಥವಾ ಮಾರಿ.

1. ಮಡಕೆ ಸಿದ್ಧಮಾಡಿಕೊಳ್ಳಿ

ಬಿಳಿ ಅಥವಾ ತಿಳಿ ಬಣ್ಣದ ಮಣ್ಣು ಸಿಕ್ಕರೆ ಅದನ್ನೇ ಬಳಸಿ. ಕೆಂಪು ಮಣ್ಣಿನ ಮೇಲೆ ಗುಲಾಬಿಯಂಥ ನವಿರಾದ ಬಣ್ಣ ಕಾಣುವುದೇ ಇಲ್ಲ. ಕೆಂಪು ಮಣ್ಣು ಬಿಟ್ಟು ಬೇರೆ ಇಲ್ಲವೆಂದರೆ ಮೇಲೆ ಬಿಳಿ ಜೇಡಿಯ ತೆಳು ಲೇಪ ಕೊಡಬಹುದು. ಮಣ್ಣಿಗೆ ಸ್ವಲ್ಪ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ತರಿ, ಸೇರಿಸಿಕೊಂಡರೆ ಏರುಪೇರಿನ ಬಿಸಿಯನ್ನು ಮಡಕೆ ತಾಳುತ್ತದೆ.

ಆಕಾರ ದುಂಡಗಿರಲಿ, ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇರಲಿ. ಅಗಲ ತಟ್ಟೆ, ಚಪ್ಪಟೆ ತಳದ ದೊಡ್ಡ ಪಾತ್ರೆ, ಅಂಟಿಸಿದ ಹಿಡಿ ಇವು ಬಿರುಕು ಬಿಡುವುದು ಹೆಚ್ಚು. ಮೊದಲ ಸಲಕ್ಕೆ ಕೈಯಲ್ಲಿ ಒತ್ತಿ ಮಾಡಿದ, ಮುಷ್ಟಿ ಗಾತ್ರದ ಎಂಟು ಹತ್ತು ಕುಡಿಕೆಗಳು ಸಾಕು. ತಿಂಗಳುಗಟ್ಟಲೆ ಕೂತು ಮಾಡಿದ ಹೂಜಿಯನ್ನು ಮೊದಲ ಬೆಂಕಿಗೆ ಕೊಡಬೇಡಿ.

ಮಣ್ಣು ಅರ್ಧ ಒಣಗಿ ಚರ್ಮದ ಹದಕ್ಕೆ ಬಂದಾಗ, ಅಂದರೆ ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು, ಆಗ ನುಣುಪು ಕಲ್ಲಿನಿಂದಲೋ ಚಮಚದ ಬೆನ್ನಿನಿಂದಲೋ ತಿಕ್ಕಿ ಹೊಳಪು ಬರಿಸಿ. ಇದನ್ನು ಬರ್ನಿಶಿಂಗ್ ಎನ್ನುತ್ತಾರೆ. ನಮ್ಮ ಕುಂಬಾರರು ಬೆಣಚುಕಲ್ಲಿನಿಂದ ತಿಕ್ಕುವುದು ಇದನ್ನೇ. ತಿಕ್ಕಿದ ಮೈ ಮೇಲೆ ಬಣ್ಣ ಆಳವಾಗಿ ಕಾಣುತ್ತದೆ. ಒರಟು ಮೈ ಮೇಲೆ ಅದೇ ಬಣ್ಣ ಮಸಿ ಬಳಿದ ಹಾಗಿರುತ್ತದೆ.

ಪೂರ್ತಿ ಒಣಗಿದ ಮೇಲೆ ಮಡಕೆ ಸುಡುವ ಗೂಡಿನಲ್ಲಿ, ಅಂದರೆ ಕಿಲ್ನ್‌ನಲ್ಲಿ ಬಿಸ್ಕ್ ಮಾಡಿಸಿ. ಬಿಸ್ಕ್ ಎಂದರೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ಮೊದಲ ಸುಡುವಿಕೆ. 900ರಿಂದ 950 ಡಿಗ್ರಿ ಸೆಲ್ಸಿಯಸ್ ಸಾಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ಮಣ್ಣಿನ ರಂಧ್ರ ಮುಚ್ಚುತ್ತಾ ಬಂದು ಹೊಗೆ, ಬಣ್ಣ ಎರಡನ್ನೂ ಹೀರುವುದಿಲ್ಲ, ತಿಕ್ಕಿದ ಹೊಳಪೂ ಮಂಕಾಗುತ್ತದೆ. ನಿಮ್ಮ ಹತ್ತಿರ ಕಿಲ್ನ್ ಇಲ್ಲದಿದ್ದರೆ ಬಾಡಿಗೆಗೆ ಸುಟ್ಟುಕೊಡುವ ಸ್ಟುಡಿಯೊ ಹುಡುಕಿ. ಊರಿನಲ್ಲಿ ಕುಂಬಾರರು ಆವಿಗೆ, ಅಂದರೆ ತಮ್ಮ ಮಡಕೆ ಸುಡುವ ಗೂಡು, ಹೊತ್ತಿಸುವ ದಿನ ಕೇಳಿಕೊಂಡು ಅದರಲ್ಲೇ ಜಾಗ ಪಡೆಯಬಹುದು. ಹಸಿ ಮಡಕೆಯನ್ನು ನೇರವಾಗಿ ಡ್ರಮ್ಮಿಗೆ ಹಾಕಬೇಡಿ. ಒಳಗಿನ ನೀರು ಹಬೆಯಾಗಿ ಮಡಕೆಯನ್ನು ಸಿಡಿಸುತ್ತದೆ, ಪಕ್ಕದ ನಾಲ್ಕನ್ನೂ ಒಡೆಯುತ್ತದೆ.

2. ಡ್ರಮ್ಮು

ಗುಜರಿಯಲ್ಲಿ ಸಿಗುವ 200 ಲೀಟರಿನ ಕಬ್ಬಿಣದ ಡ್ರಮ್ಮು ಬೇಕು. ಪ್ರಯೋಗಕ್ಕಾದರೆ ಹೋಟೆಲಿನವರ ಹತ್ತಿರ ಸಿಗುವ 15 ಕಿಲೋ ಎಣ್ಣೆ ಟಿನ್ನೂ ಆಗುತ್ತದೆ, ಒಂದೆರಡು ಸಲ ತಾಳುತ್ತದೆ. ಡ್ರಮ್ಮಿನಲ್ಲಿ ಹಿಂದೆ ಏನಿತ್ತು ಎಂದು ಕೇಳದೆ ತರಬೇಡಿ. ಕೀಟನಾಶಕ, ರಾಸಾಯನಿಕ ಇದ್ದದ್ದು ಬೇಡವೇ ಬೇಡ. ಪೆಟ್ರೋಲು, ಥಿನ್ನರು ಇದ್ದ ಡ್ರಮ್ಮಿಗೆ ಗ್ಯಾಸ್ ಕಟರ್ ಹಿಡಿದರೆ ಒಳಗೆ ಉಳಿದ ಆವಿ ಸ್ಫೋಟಿಸುತ್ತದೆ, ಜೀವ ಹೋದ ಉದಾಹರಣೆಗಳಿವೆ. ಸತು ಲೇಪಿಸಿದ ಜಿಐ ಡ್ರಮ್ಮೂ ಬೇಡ, ಬಿಸಿಯಾದಾಗ ಅದರಿಂದ ಬರುವ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಕೆಳಗಿನ ಅರ್ಧ ಭಾಗದಲ್ಲಿ ಸುತ್ತಲೂ ಹತ್ತು ಹನ್ನೆರಡು ತೂತು ಹಾಕಿಸಿ, ಒಂದೊಂದೂ ಹೆಬ್ಬೆರಳು ತೂರುವಷ್ಟು. ಅದಕ್ಕಿಂತ ಹೆಚ್ಚು ಬೇಡ, ತೂತು ಹೆಚ್ಚಾದರೆ ಬೆಂಕಿ ಧಗಧಗ ಉರಿದು ಬೇಗ ಮುಗಿಯುತ್ತದೆ. ಮುಚ್ಚಲು ಒಂದು ಹಳೆ ತಗಡು ಇರಲಿ. ಮಡಕೆ ಇಡುವ ಮೊದಲು ಖಾಲಿ ಡ್ರಮ್ಮಿನಲ್ಲಿ ಒಂದು ಸಲ ಜೋರಾಗಿ ಬೆಂಕಿ ಹಾಕಿ ಒಳಗಿನ ಬಣ್ಣ, ಎಣ್ಣೆ ಜಿಡ್ಡು ಸುಟ್ಟುಬಿಡಿ.

3. ಬಣ್ಣದ ಸಾಮಾನು

ಹೊರದೇಶದ ಪಟ್ಟಿಗಳನ್ನು ನೋಡಿ ಗಾಬರಿಯಾಗಬೇಡಿ. ಬೇಕಾದ್ದರಲ್ಲಿ ಬಹಳಷ್ಟು ನಮ್ಮ ಅಡುಗೆಮನೆ, ತೋಟ, ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ.

ಉಪ್ಪು: ಕಲ್ಲುಪ್ಪೇ ಸಾಕು. 200 ಲೀಟರ್ ಡ್ರಮ್ಮಿಗೆ ನಾನು 300 ಗ್ರಾಂ ಹಾಕುತ್ತೇನೆ.

ತಾಮ್ರ: ಸ್ಟುಡಿಯೊ ಸಾಮಾನು ಮಾರುವವರಲ್ಲಿ ಕಾಪರ್ ಕಾರ್ಬೊನೇಟ್ ಸಿಗುತ್ತದೆ, ಒಂದು ಡ್ರಮ್ಮಿಗೆ 100 ಗ್ರಾಂ. ಮಲೆನಾಡಿನವರಿಗೆ ಅಷ್ಟು ದೂರ ಹೋಗುವ ಕೆಲಸವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡಲು ತಂದ ಮೈಲುತುತ್ತ ಮನೆಯಲ್ಲೇ ಇರುತ್ತದೆ. ಅದು ಕಾಪರ್ ಸಲ್ಫೇಟ್. ಲೀಟರ್ ನೀರಿಗೆ 100 ಗ್ರಾಂ ಕರಗಿಸಿ, ಹತ್ತಿ ಬಟ್ಟೆ ಚೂರು ಅಥವಾ ಸೆಣಬಿನ ಹುರಿಯನ್ನು ಅದರಲ್ಲಿ ನೆನೆಸಿ ಒಣಗಿಸಿಟ್ಟುಕೊಳ್ಳಿ. ಪ್ಲಾಸ್ಟಿಕ್ ಬಕೆಟ್ಟೇ ಬೇಕು. ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿದರೆ ತಾಮ್ರವೆಲ್ಲ ಪಾತ್ರೆಗೇ ಹತ್ತಿಕೊಳ್ಳುತ್ತದೆ. ಬೋರ್ಡೊ ದ್ರಾವಣಕ್ಕೆ ಚಾಕು ಅದ್ದಿ ಪರೀಕ್ಷಿಸುವವರಿಗೆ ಇದು ಗೊತ್ತಿರುವ ಸಂಗತಿಯೇ. ಮೈಲುತುತ್ತ ವಿಷ, ಕಣ್ಣಿಗೆ ಸಿಡಿದರೆ ಅಪಾಯ. ಕೈಗವಸು, ಕನ್ನಡಕ ಹಾಕಿಯೇ ಮುಟ್ಟಿ.

ತಾಮ್ರದ ತಂತಿ: ಹಳೇ ವೈರಿನದ್ದಾದರೆ ಪ್ಲಾಸ್ಟಿಕ್ ಹೊದಿಕೆಯನ್ನು ಚಾಕುವಿನಿಂದ ಸುಲಿದು ತೆಗೆಯಿರಿ, ಸುಟ್ಟು ತೆಗೆಯಬೇಡಿ. ಪಾತ್ರೆ ತಿಕ್ಕುವ ತಾಮ್ರದ ಬಣ್ಣದ ಸ್ಕ್ರಬ್ಬರಿಗೆ ಅಯಸ್ಕಾಂತ ಹಿಡಿದು ನೋಡಿ. ಹಿಡಿದುಕೊಂಡರೆ ಅದು ತಾಮ್ರ ಸವರಿದ ಕಬ್ಬಿಣ.

ಕಬ್ಬಿಣ: ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್, ತುಕ್ಕು ಹಿಡಿದಿದ್ದರೆ ಇನ್ನೂ ಒಳ್ಳೆಯದು. ಜಿಐ ತಂತಿ ಬೇಡ. ನೆಲಕ್ಕೆ ಬಳಸುವ ರೆಡ್ ಆಕ್ಸೈಡ್ ಪುಡಿಯನ್ನು ಹೊಟ್ಟಿಗೆ ಒಂದು ಹಿಡಿ ಬೆರೆಸಬಹುದು. ಅದರ ಪಕ್ಕದಲ್ಲೇ ಇಟ್ಟಿರುವ ಗ್ರೀನ್ ಆಕ್ಸೈಡ್ ತರಬೇಡಿ. ಅದು ಕ್ರೋಮಿಯಂ, ಉಪ್ಪಿನ ಜೊತೆ ಬೆಂಕಿಗೆ ಹಾಕುವ ವಸ್ತುವಲ್ಲ.

ತೋಟದ್ದು: ಒಣಗಿಸಿದ ಬಾಳೆಹಣ್ಣಿನ ಸಿಪ್ಪೆ, ತೆಂಗಿನ ನಾರು, ಅಡಿಕೆ ಸಿಪ್ಪೆ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ. ಬಾಳೆ ಮತ್ತು ತೆಂಗಿನ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚು, ಅದು ಮೈ ಮೇಲೆ ತಿಳಿ ಬೂದು, ಹಳದಿ ಮಚ್ಚೆ ಬಿಡುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೂ ಕಟ್ಟುವ ಬಾಳೆನಾರು. ಗಟ್ಟಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ, ಮಡಕೆಗೆ ಬಿಗಿಯಾಗಿ ಸುತ್ತಿದರೆ ಸುಟ್ಟ ಮೇಲೆ ನಾರಿನ ಒಂದೊಂದು ಎಳೆಯೂ ಕಿತ್ತಳೆ ಗೆರೆಯಾಗಿ ನಿಂತಿರುತ್ತದೆ, ಅಂಚು ಮಾತ್ರ ಹೊಗೆ ಹಿಡಿದ ಹಾಗೆ ಕಪ್ಪು.

ಉರಿಯುವುದಕ್ಕೆ: ಸಾಮಿಲ್ಲಿನ ಮರದ ಹೊಟ್ಟು ಎರಡು ಮೂಟೆ, ಒಣಗಿದ ಸೌದೆ ಧಾರಾಳ. ಹೊಟ್ಟು ಪ್ಲೈವುಡ್ಡಿನದ್ದಾಗಿರಬಾರದು. ಪೇಂಟು, ಗೆದ್ದಲಿನ ಔಷಧಿ ಹೊಡೆದ ಮರವೂ ಬೇಡ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗಿನ ಹೆಡೆಮಟ್ಟೆ ಎಲ್ಲವೂ ಆಗುತ್ತದೆ. ಭತ್ತದ ಹೊಟ್ಟನ್ನು ಮಾತ್ರ ಒಂಟಿಯಾಗಿ ಹಾಕಬೇಡಿ, ಒತ್ತಿಕೊಂಡು ಕೂತು ಬಿಸಿ ಏರಲು ಬಿಡುವುದಿಲ್ಲ. ಮರದ ಹೊಟ್ಟಿನ ಜೊತೆ ಸಮಪಾಲು ಬೆರೆಸಿ.

ಫೆರಿಕ್ ಕ್ಲೋರೈಡ್ ಬಗ್ಗೆ ಕೇಳುವವರಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡ್ ಕೆಲಸಕ್ಕೆಂದು ಮಾರುವ ಅದು ಒಳ್ಳೆಯ ಕೆಂಪು, ಕಿತ್ತಳೆ ಕೊಡುತ್ತದೆ ನಿಜ. ಚರ್ಮ ಸುಡುತ್ತದೆ, ಬಿಸಿಗೆ ಆಮ್ಲದ ಆವಿ ಬಿಡುತ್ತದೆ. ಸರಿಯಾದ ಕಾರ್ಟ್ರಿಜ್ (ಆವಿ ಸೋಸುವ ಡಬ್ಬಿ) ಇರುವ ರೆಸ್ಪಿರೇಟರ್ ಮುಖವಾಡ ಇಲ್ಲದವರಿಗೆ ನಾನು ಅದನ್ನು ಹೇಳಿಕೊಡುವುದಿಲ್ಲ.

4. ಜಾಗ ಮತ್ತು ದಿನ

ತಾರಸಿ, ಅಪಾರ್ಟ್‌ಮೆಂಟಿನ ಅಂಗಳ, ರಸ್ತೆ ಬದಿ ಇವು ಯಾವುವೂ ಆಗುವುದಿಲ್ಲ. ಹೊಗೆ ಗಂಟೆಗಟ್ಟಲೆ ಬರುತ್ತದೆ, ಅದರಲ್ಲಿ ಉಪ್ಪಿನ, ತಾಮ್ರದ ಆವಿ ಇರುತ್ತದೆ. ಪರಿಚಯದವರ ತೋಟ, ಹೊಲ ನೋಡಿ. ನೆಲ ಮಣ್ಣಿನದ್ದಾಗಿರಲಿ, ಕೆಳಗೆ ಇಟ್ಟಿಗೆ ಇಟ್ಟು ಡ್ರಮ್ಮು ನಿಲ್ಲಿಸಿ. ಕಾಂಕ್ರೀಟಿನ ಮೇಲೆ ಇಟ್ಟರೆ ಅದರೊಳಗಿನ ತೇವ ಕಾದು ಚಕ್ಕೆ ಸಿಡಿಯುತ್ತದೆ. ಸುತ್ತ ಐದಾರು ಮೀಟರ್ ಒಣಹುಲ್ಲು, ತರಗೆಲೆ ಗುಡಿಸಿ, ನೀರಿನ ಪೈಪು ಕೈಗೆ ಸಿಗುವಂತಿರಲಿ.

ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಫೆಬ್ರವರಿ ದಾಟಿದರೆ ಮಲೆನಾಡಿನಲ್ಲಿ ಒಂದು ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುವಷ್ಟು ಹುಲ್ಲು ಒಣಗಿರುತ್ತದೆ. ಆಷಾಢದ ಗಾಳಿಯಲ್ಲಂತೂ ಬೆಂಕಿ ಹಚ್ಚಲೇಬೇಡಿ. ಮೈಮೇಲೆ ಹತ್ತಿ ಬಟ್ಟೆ, ಕಾಲಿಗೆ ಬೂಟು. ಪುಡಿ ಅಳೆಯುವಾಗ ಎನ್-95 ಮಾಸ್ಕ್. ಅದು ಧೂಳು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ, ಆದ್ದರಿಂದ ಬೆಂಕಿ ಉರಿಯುವಾಗ ಗಾಳಿ ಬರುವ ದಿಕ್ಕಿಗೇ ನಿಲ್ಲಿ.

5. ತುಂಬುವುದು

ಇದಕ್ಕೆ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಮಡಕೆಗಳನ್ನು ಹಿಂದಿನ ದಿನ ಬಿಸಿಲಿಗಿಟ್ಟು ತೇವ ಆರಿಸಿ.

ಮೊದಲು ಮಡಕೆಗೆ ಬಟ್ಟೆ ಉಡಿಸಿದ ಹಾಗೆ ಸುತ್ತಬೇಕು: ಬಾಳೆನಾರು, ಮೈಲುತುತ್ತದ ಹುರಿ, ತಾಮ್ರದ ತಂತಿ ಒಂದೆರಡು ಸುತ್ತು. ತಂತಿ ಮೈಗೆ ಒತ್ತಿಕೊಂಡಿರಲಿ. ಒತ್ತಿದ ಕಡೆ ಕೂದಲೆಳೆಯ ಕಪ್ಪು ಗೆರೆ ಬೀಳುತ್ತದೆ, ಅದರ ಎರಡೂ ಬದಿ ಗುಲಾಬಿ ಹರಡಿರುತ್ತದೆ. ಸಡಿಲವಾಗಿ ನೇತಾಡುವ ತಂತಿ ಏನನ್ನೂ ಬಿಡುವುದಿಲ್ಲ. ಪುಡಿ, ಸಿಪ್ಪೆ ಮೈಗೆ ಅಂಟಿಕೊಂಡಿರಬೇಕು ಎನಿಸಿದರೆ ದಿನಪತ್ರಿಕೆಯ ಹಾಳೆಯನ್ನು ತೆಳ್ಳಗೆ ಕಲಸಿದ ಮಣ್ಣಿನಲ್ಲಿ ಅದ್ದಿ ಪೊಟ್ಟಣದ ಹಾಗೆ ಸುತ್ತಿ ಒಣಗಿಸಿ. ಕಾಗದ ಸುಟ್ಟರೂ ಮಣ್ಣಿನ ಪದರ ಕೆಲಹೊತ್ತು ಒಳಗಿನದ್ದನ್ನು ಹಿಡಿದಿಡುತ್ತದೆ. ಹೀಗೆ ಸುತ್ತಿದ ಮಡಕೆಯಲ್ಲಿ ಬಣ್ಣ ಬಾರದೆ ಹೋಗುವುದು ಅಪರೂಪ.

ಈಗ ಡ್ರಮ್ಮಿನ ತಳಕ್ಕೆ ಒಂದು ಗೇಣು ಹೊಟ್ಟು ಹಾಕಿ. ಅದರ ಮೇಲೆ ಉಪ್ಪು, ತಾಮ್ರದ ಪುಡಿ ಎರಡನ್ನೂ ಮೂರನೇ ಒಂದು ಪಾಲಿನಷ್ಟು ಉದುರಿಸಿ. ದೊಡ್ಡ ಮಡಕೆಗಳನ್ನು ಕೆಳಗೆ ಕೂರಿಸಿ, ಹೊಟ್ಟಿನಲ್ಲಿ ಅರ್ಧ ಮಾತ್ರ ಮುಳುಗಲಿ. ಎಲ್ಲವೂ ಕಪ್ಪಾಗಿ ಬಂತು ಎನ್ನುವವರು ತಪ್ಪುವುದು ಇಲ್ಲೇ. ಮಡಕೆಯನ್ನು ಕಂಠದವರೆಗೆ ಹೊಟ್ಟಿನಲ್ಲಿ ಹೂತುಬಿಡುತ್ತಾರೆ. ಹೂತ ಭಾಗಕ್ಕೆ ಗಾಳಿ ಸಿಗುವುದಿಲ್ಲ, ಕೊನೆಯವರೆಗೂ ಹೊಗೆ ಕುಡಿಯುತ್ತಲೇ ಇರುತ್ತದೆ. ಮುಳುಗದ ಅರ್ಧದ ಸುತ್ತ ಅಡಿಕೆ ಸಿಪ್ಪೆ, ತೆಂಗಿನ ನಾರು, ಸಣ್ಣ ಕಡ್ಡಿಗಳನ್ನು ಸಡಿಲವಾಗಿ ತುಂಬಿ. ಅವುಗಳ ಸಂದಿಯಲ್ಲಿ ಜ್ವಾಲೆ ಓಡಾಡಬೇಕು.

ಎರಡು ಮಡಕೆಗಳ ನಡುವೆ ಎರಡು ಬೆರಳಿನ ಜಾಗ ಬಿಡಿ. ಒಂದಕ್ಕೊಂದು ತಾಗಿದರೆ ತಾಗಿದ ಕಡೆ ಮಚ್ಚೆ ಬೀಳುತ್ತದೆ, ಅದು ಬೇಕೆಂದೇ ತಾಗಿಸುವುದೂ ಉಂಟು. ತೂತಿನ ಎದುರಿಗೆ ನೇರವಾಗಿ ಮಾತ್ರ ಇಡಬೇಡಿ, ತಣ್ಣನೆ ಗಾಳಿ ಬಡಿದು ಬಿರಿಯುತ್ತದೆ. ಮತ್ತೆ ಹೊಟ್ಟು, ಉಳಿದ ಉಪ್ಪು, ತಾಮ್ರ, ಎರಡನೇ ಸಾಲು. ಎರಡು ಸಾಲಿಗಿಂತ ಹೆಚ್ಚು ಬೇಡ. ಪ್ರತಿ ಸಾಲಿನದ್ದೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಯಾವ ಮಡಕೆಗೆ ಏನು ಸುತ್ತಿದಿರಿ ಎಂದು ಬರೆದಿಡಿ. ಮರುದಿನ ಒಂದು ಕುಡಿಕೆಯ ಮೈಯಲ್ಲಿ ಅಪರೂಪದ ಬಣ್ಣ ಕಂಡಾಗ ಅದನ್ನು ಮತ್ತೆ ತರಿಸಲು ಆ ಬರಹ ಬಿಟ್ಟರೆ ನಿಮಗೆ ಬೇರೆ ದಾರಿಯಿಲ್ಲ.

ಮೇಲೆ ಕಾಗದ, ಪುರಲೆ, ಆಮೇಲೆ ಕೈಯಷ್ಟು ದಪ್ಪದ ಸೌದೆಯನ್ನು ಅಡ್ಡಡ್ಡ ಜೋಡಿಸಿ ಡ್ರಮ್ಮಿನ ಬಾಯಿಗಿಂತ ಒಂದಡಿ ಮೇಲೆ ಬರುವಂತೆ ಪೇರಿಸಿ. ಭಾರವೆಲ್ಲ ಮಡಕೆಯ ಮೇಲೆ ಬೀಳದ ಹಾಗೆ ಉದ್ದನೆಯ ಎರಡು ಸೌದೆ ಡ್ರಮ್ಮಿನ ಅಂಚಿಗೆ ಆನಿಕೊಂಡಿರಲಿ.

6. ಬೆಂಕಿ

ಮೇಲಿನಿಂದ ಹಚ್ಚಿ. ಸೀಮೆಎಣ್ಣೆ, ಪೆಟ್ರೋಲು ಸುರಿಯಬೇಡಿ. ಮೇಲಿನ ಸೌದೆ ಉರಿದು ಕೆಂಡ ಕೆಳಗಿಳಿಯುತ್ತಾ ಹೋದರೆ ಮಡಕೆ ನಿಧಾನವಾಗಿ ಕಾಯುತ್ತದೆ. ಮೊದಲ ಅರ್ಧ ಗಂಟೆ ಅವಸರ ಮಾಡಬೇಡಿ. ಸುಮಾರು 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚಿನ ಕಣ ಏಕಾಏಕಿ ಹಿಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಆ ಹಂತವನ್ನು ನಿಧಾನವಾಗಿ ದಾಟಿದರೆ ಮಡಕೆ ಉಳಿಯುತ್ತದೆ.

ಆಮೇಲೆ ಒಂದರಿಂದ ಒಂದೂವರೆ ಗಂಟೆ ಸೌದೆ ಒಟ್ಟುತ್ತಾ ಜ್ವಾಲೆ ಬಿಡದಂತೆ ನೋಡಿಕೊಳ್ಳಿ. ತಾಮ್ರದ ಕೆಂಪು ಬರಲು ಬಿಸಿ ಬೇಕೇ ಬೇಕು. ಡ್ರಮ್ಮಿನೊಳಗೆ ಸಾಮಾನ್ಯವಾಗಿ 600ರಿಂದ 900 ಡಿಗ್ರಿಯವರೆಗೆ ಇರುತ್ತದೆ, ಅದೂ ಒಂದು ಬದಿಯಂತೆ ಇನ್ನೊಂದು ಬದಿ ಇರುವುದಿಲ್ಲ. ಜ್ವಾಲೆಯ ಅಂಚಿನಲ್ಲಿ ಹಸಿರು ಕಂಡರೆ ತಾಮ್ರ ಆವಿಯಾಗುತ್ತಿದೆ ಎಂದರ್ಥ. ಆ ಹೊತ್ತಿಗೆ ಬಗ್ಗಿ ನೋಡುವ ಆಸೆಯಾಗುತ್ತದೆ, ಬಗ್ಗಬೇಡಿ. ಉರಿಯುವ ಬೆಂಕಿಯ ಮೇಲೆ ಒಣ ಹೊಟ್ಟನ್ನು ಎರಚಲೂಬೇಡಿ. ಗಾಳಿಯಲ್ಲಿ ಹರಡಿದ ಹೊಟ್ಟು ಒಮ್ಮೆಲೇ ಭಗ್ಗೆಂದು ಮುಖಕ್ಕೆ ಹೊತ್ತಿಕೊಳ್ಳುತ್ತದೆ.

ಜ್ವಾಲೆ ಇಳಿದು ಕೆಂಡ ಮಾತ್ರ ಉಳಿದಾಗ ತಗಡು ಮುಚ್ಚಿ. ಕಪ್ಪು ಹೆಚ್ಚು ಬೇಕೆಂದರೆ ತೂತುಗಳನ್ನೂ ಹಸಿ ಮಣ್ಣಿನಿಂದ ಮೆತ್ತಿ. ತಿಳಿ ಬಣ್ಣ ಬೇಕೆಂದರೆ ತಗಡನ್ನು ನಾಲ್ಕು ಬೆರಳು ಸರಿಸಿಡಿ.

7. ತಣಿಯಲು ಬಿಡಿ

ಹನ್ನೆರಡು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ಹಾಗೇ ಬಿಡಿ. ಒಮ್ಮೆ ನಾನು ಐದೇ ಗಂಟೆ ಕಾದು ತಗಡು ಸರಿಸಿದೆ. ಮೇಲಿನ ಸಾಲಿನಲ್ಲಿದ್ದ ಒಳ್ಳೆಯ ಕೆಂಪು ಹೂಜಿ ಕಣ್ಣೆದುರಿಗೇ ಟಣ್ ಎಂದು ಕಂಠದಿಂದ ತಳದವರೆಗೆ ಬಿರಿಯಿತು. ಬರಿಗೈಯಲ್ಲಿ ಮುಟ್ಟಿ ಹಿಡಿಯುವಷ್ಟು ತಣ್ಣಗಾದ ಮೇಲೆಯೇ ತೆಗೆಯಿರಿ. ಬೂದಿಗೆ ನೀರು ಹೊಯ್ದು ತಣಿಸಬೇಡಿ.

8. ತೊಳೆದು ಮೇಣ ಹಚ್ಚಿ

ತೆಗೆದಾಗ ಬೂದಿ ಮೆತ್ತಿದ ಮಡಕೆ ನೋಡಿ ನಿರಾಶರಾಗಬೇಡಿ. ಕೈಗವಸು ಹಾಕಿ ಮೃದು ಬ್ರಷ್ಷಿನಿಂದ ಒಣ ಬೂದಿ ಝಾಡಿಸಿ, ಆಮೇಲೆ ಸಾದಾ ನೀರಿನಲ್ಲಿ ತೊಳೆಯಿರಿ. ತಂತಿಯ ನಾರು ಬೇಡ, ಹೊಳಪು ಕಿತ್ತುಹೋಗುತ್ತದೆ. ಒದ್ದೆಯಾದ ಕ್ಷಣ ಬಣ್ಣ ಎದ್ದು ಕಾಣುತ್ತದೆ, ಒಣಗಿದರೆ ಮಂಕಾಗುತ್ತದೆ. ಎರಡು ದಿನ ಒಣಗಿಸಿ, ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಜೇನುಮೇಣ ಸವರಿ ಹತ್ತಿ ಬಟ್ಟೆಯಿಂದ ಉಜ್ಜಿದರೆ ಆ ಒದ್ದೆ ಹೊಳಪು ಉಳಿದುಕೊಳ್ಳುತ್ತದೆ. ನೇರ ಬಿಸಿಲು ಬೀಳುವ ಕಡೆ ಇಡಬೇಡಿ.

ಬೂದಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳಲೇಬೇಕು. ಒಲೆಯ ಬೂದಿಯಂತೆ ಇದನ್ನು ಪಾತ್ರೆ ತಿಕ್ಕಲು, ಗಿಡದ ಬುಡಕ್ಕೆ, ಗೊಬ್ಬರದ ಗುಂಡಿಗೆ ಹಾಕುವ ಹಾಗಿಲ್ಲ. ತಾಮ್ರ ಮಣ್ಣಿಗೆ ಸೇರಿದರೆ ಕೊಳೆತುಹೋಗದೆ ಅಲ್ಲೇ ಉಳಿಯುತ್ತದೆ, ಕೆರೆ ತೊರೆಗೆ ಹರಿದರೆ ಮೀನು ಸಾಯುತ್ತದೆ. ಒಣಗಿದ್ದಾಗಲೇ ಗಟ್ಟಿ ಚೀಲದಲ್ಲಿ ಕಟ್ಟಿ, ದನಕರು ಮಕ್ಕಳ ಕೈಗೆ ಸಿಗದಂತಿಟ್ಟು, ಮುಂದಿನ ಸಲ ಡ್ರಮ್ಮಿನ ತಳಕ್ಕೇ ಹಾಕಿ. ಅದರಲ್ಲಿ ಉಳಿದ ತಾಮ್ರವೂ ಕೆಲಸಕ್ಕೆ ಬರುತ್ತದೆ.

ಹೀಗಾದರೆ ಏನು ಕಾರಣ?

ಎಲ್ಲ ಕಪ್ಪು: ಹೊಟ್ಟು ಹೆಚ್ಚು, ಸೌದೆ ಕಡಿಮೆ, ಅಥವಾ ತಗಡು ಬೇಗ ಮುಚ್ಚಿದ್ದೀರಿ.

ಎಲ್ಲ ಪೇಲವ: ತೂತು ಜಾಸ್ತಿಯಾಗಿ ಕೊನೆಯಲ್ಲಿ ಗಾಳಿ ನುಗ್ಗಿದೆ, ಅಥವಾ ಬಿಸ್ಕ್ ಬಿಸಿ ಹೆಚ್ಚಾಗಿ ಮಣ್ಣು ಏನನ್ನೂ ಹೀರಿಲ್ಲ.

ಹಸಿರಷ್ಟೇ ಬಂದು ಕೆಂಪು ಬಂದಿಲ್ಲ: ತಾಮ್ರ ತಾಗಿದ ಕಡೆ ಗಾಳಿ ಹೆಚ್ಚಾಯಿತು. ಮುಂದಿನ ಸಲ ಆ ಭಾಗವನ್ನು ಹೊಟ್ಟಿನ ಗೆರೆಗೆ ಹತ್ತಿರ ಇಡಿ. ಒಳ್ಳೆಯ ಕೆಂಪು ಬರುವುದು ಹೊಟ್ಟು ಮತ್ತು ಜ್ವಾಲೆ ಕೂಡುವ ಆ ಗೆರೆಯ ಆಸುಪಾಸಿನಲ್ಲೇ.

ತೊಳೆದಾಗ ಬಣ್ಣ ಬಿಟ್ಟುಹೋಯಿತು: ಬಿಸಿ ಸಾಲದೆ ಲವಣ ಮೇಲೆಯೇ ಕೂತಿತ್ತು.

ಬಣ್ಣ ಬಾರದ ಮಡಕೆಯನ್ನು ಎಸೆಯಬೇಡಿ. ಬಿರುಕಿಲ್ಲದಿದ್ದರೆ, ಮೇಣ ಹಚ್ಚಿರದಿದ್ದರೆ ಮತ್ತೊಮ್ಮೆ ಸುತ್ತಿ ಡ್ರಮ್ಮಿಗೆ ಹಾಕಬಹುದು. ಹಳೆಯ ಕಪ್ಪಿನ ಮೇಲೆ ಹೊಸ ಕೆಂಪು ಕೂತಾಗ ಬರುವ ಆಳ ಮೊದಲ ಸಲಕ್ಕೆ ಬರುವುದೇ ಇಲ್ಲ. ಆದರೆ ಅದನ್ನು ಸ್ಟುಡಿಯೊದವರ ಎಲೆಕ್ಟ್ರಿಕ್ ಕಿಲ್ನ್‌ಗೆ ಮಾತ್ರ ಕೊಡಬೇಡಿ. ಉಪ್ಪು, ತಾಮ್ರ ಆವಿಯಾಗಿ ಅವರ ಕಾಯಿಲ್, ಅಂದರೆ ಬಿಸಿ ಕೊಡುವ ತಂತಿಸುರುಳಿ, ಹಾಳಾಗುತ್ತದೆ, ಪಕ್ಕದಲ್ಲಿಟ್ಟ ಬೇರೆಯವರ ಮಡಕೆಗೂ ಕಲೆ ಹತ್ತುತ್ತದೆ.